ಪುಟ್ಟಿ, ಮಾಲ್ಡೀವ್ಸ್‌ಗೆ ಹೊರಡುವ ಮುಂಚೆ

ಪ್ರೀತಿಯ ಪುಟ್ಟಿ,

ಮಾಲ್ಡೀವ್ಸ್‌ನಲ್ಲಿ ಟೀಚರ್ ಕೆಲಸ ಸಿಕ್ಕಿತು ಅಂತ ನಿನ್ನಮ್ಮ ಫೋನ್ ಮಾಡಿದಳು. ಖುಷಿಯಾಯಿತು. ಆಮೇಲೆ ನೀನು ಕಳಿಸಿದ ಫೋಟೋ ನೋಡಿ ನಗು ಬಂತು. ನೀರಿನ ಮೇಲೆ ಮರದ ಮನೆ, ಗಾಜಿನ ನೆಲ! ಅದು ರೆಸಾರ್ಟು ಮಾರಾಯ್ತಿ. ಅದರ ದ್ವೀಪವೇ ಬೇರೆ, ಊರಿನ ದ್ವೀಪವೇ ಬೇರೆ. ಒಟ್ಟು ಸುಮಾರು 1,200 ದ್ವೀಪಗಳಲ್ಲಿ ಊರುಗಳಿರುವುದು 200ರ ಒಳಗೆ. ಎಲ್ಲ ನೆಲ ಸೇರಿಸಿದರೂ 300 ಚದರ ಕಿಲೋಮೀಟರ್, ನಮ್ಮ ಬೆಂಗಳೂರಿನ ಅರ್ಧವೂ ಆಗುವುದಿಲ್ಲ. ಉಳಿದಿದ್ದೆಲ್ಲ ಸಮುದ್ರ.

ಲಾಮು ಅಟಾಲ್‌ನ, ಅಂದರೆ ಹವಳದ ದ್ವೀಪಗಳ ಒಂದು ಗುಂಪಿನ, ಒಂದು ದ್ವೀಪದಲ್ಲಿ ಮೂರು ವರ್ಷ ಲೆಕ್ಕ ಹೇಳಿಕೊಟ್ಟವಳು ನಾನು. ಅದಕ್ಕೇ ನೀರಿನ ಮಾತು ಮೊದಲು.

ಮನೆ ಹಿಂದೆ ಗಿಫಿಲಿ ಅಂತ ಇರುತ್ತದೆ. ಸೂರಿಲ್ಲದ ಬಚ್ಚಲು, ಅಲ್ಲೇ ಬಾವಿ. ರಾಟೆ ಹಗ್ಗ ಏನೂ ಇಲ್ಲ, ನೀರು ಅಷ್ಟು ಮೇಲೇ ಇರುತ್ತದೆ. ಉದ್ದ ಕೋಲಿನ ತುದಿಗೆ ಡಬ್ಬ ಕಟ್ಟಿ ಅದ್ದಿ ಎತ್ತುವುದು, ಅದಕ್ಕೆ ಧಾನಿ ಅಂತಾರೆ. ರಟ್ಟೆ ನೋವು ಬಂತು ಅಂತ ನಾನು ಸಣ್ಣ ಪಂಪು ತರಿಸಿ ಹಾಕಿದೆ. ಬೇಸಿಗೆ ಬೇರೆ. ಸೀರೆ, ಬೆಡ್‌ಶೀಟು, ಪರದೆ ಅಂತ ಸಿಕ್ಕಿದ್ದನ್ನೆಲ್ಲ ಒಗೆದೆ. ಮೂರನೇ ವಾರ ಸೋಪಿಗೆ ನೊರೆಯೇ ಬರಲಿಲ್ಲ. ನಾಲಿಗೆಗೆ ಹಚ್ಚಿ ನೋಡಿದರೆ ಉಪ್ಪು.

ಪಕ್ಕದ ಮನೆ ಅಜ್ಜಿ ಬಯ್ಯಲಿಲ್ಲ. ಒಂದು ಲೋಟ ನೀರಿಗೆ ಕೊಬ್ಬರಿ ಎಣ್ಣೆ ಬಿಟ್ಟಳು, ಅದು ಮೇಲೆ ತೆಳ್ಳಗೆ ನಿಂತಿತು. ಚಮಚದಲ್ಲಿ ನಿಧಾನಕ್ಕೆ ತೆಗೆದಳು, ಎಣ್ಣೆ ಮಾತ್ರ ಬಂತು. ಆಮೇಲೆ ಚಮಚವನ್ನು ಗಬಕ್ಕನೆ ಅದ್ದಿದಳು, ಬರೀ ನೀರು. ಮಳೆ ನೀರು ಮರಳಿನಲ್ಲಿ ಇಂಗಿ, ಕೆಳಗಿರುವ ಸಮುದ್ರದ ನೀರಿನ ಮೇಲೆ ಹಾಗೇ ತೇಲುತ್ತಿರುತ್ತದೆ. ಅವಸರ ಮಾಡಿದರೆ ಕೆಳಗಿನದು ಮೇಲೆ ಬಂದುಬಿಡುತ್ತದೆ. ನನಗೆ ಆಮೇಲೆ ಗೊತ್ತಾಗಿದ್ದು ಏನಂದರೆ, ಅಜ್ಜಿಯ ಮನೆಗೂ ಅದೇ ಬಾವಿ.

ಈಗ ಸಮುದ್ರದ ನೀರನ್ನೇ ಸಿಹಿ ಮಾಡುವ ಘಟಕಗಳು ಬಂದಿವೆ, ನಿಜ. ಆದರೆ 2014ರ ಡಿಸೆಂಬರ್‌ನಲ್ಲಿ ಮಾಲೆಯ ಘಟಕಕ್ಕೆ ಬೆಂಕಿ ಬಿದ್ದಾಗ ರಾಜಧಾನಿಯ ನಲ್ಲಿಗಳೇ ಒಣಗಿದವು. ನಮ್ಮ ದೇಶದಿಂದ ವಿಮಾನದಲ್ಲಿ, ಹಡಗಿನಲ್ಲಿ ನೀರು ಹೋಯಿತು. ಹಾಗಾಗಿ ಮಳೆ ನೀರಿನ ಟ್ಯಾಂಕು ಇರುವ ಮನೆಯನ್ನೇ ಹಿಡಿ.

ಇನ್ನೊಂದು. ಕಂಡವರನ್ನೆಲ್ಲ "ನಿಮ್ಮ ದೇಶ ಮುಳುಗುತ್ತಂತೆ ಅಲ್ವಾ" ಅಂತ ಕೇಳಬೇಡ. ಬದುಕಿರುವವರ ಎದುರಿಗೆ ತಿಥಿ ಮಾತಾಡಿದ ಹಾಗಿರುತ್ತದೆ. ಹೆಚ್ಚಿನ ನೆಲ ಸಮುದ್ರಕ್ಕಿಂತ ಒಂದು ಮೀಟರ್ ಕೂಡ ಎತ್ತರವಿಲ್ಲ ಅಂತ ಅವರಿಗೆ ನಮಗಿಂತ ಚೆನ್ನಾಗಿ ಗೊತ್ತು. 2004ರ ಸುನಾಮಿಯಲ್ಲಿ ಕಂಧೊಳುಧೂ ಅನ್ನುವ ದ್ವೀಪದ ಜನ ಊರನ್ನೇ ಬಿಟ್ಟು ಬೇರೆ ದ್ವೀಪದಲ್ಲಿ ಮನೆ ಕಟ್ಟಿಕೊಳ್ಳಬೇಕಾಯಿತು. ಮಾಲೆ ಪಕ್ಕ ಸಮುದ್ರದಿಂದ ಮರಳೆತ್ತಿ ಹುಳುಮಾಲೆ ಅಂತ ಊರನ್ನೇ ಎಬ್ಬಿಸಿದ್ದಾರೆ, 2018ರಲ್ಲಿ ಅದಕ್ಕೆ ಸೇತುವೆಯೂ ಆಯಿತು. ಕೇಳುವುದಿದ್ದರೆ ಅದನ್ನು ಕೇಳು.

ಭಾಷೆ ಕಲಿ, ಸುಮ್ನೆ ಇಂಗ್ಲಿಷ್‌ನಲ್ಲೇ ದಿನ ದೂಡಬೇಡ. ದಿವೇಹಿ ನಮಗೆ ತೀರಾ ಪರಕೀಯವಲ್ಲ. ದೋಣಿಗೆ ಅವರೂ ದೋಣಿ ಅನ್ನುತ್ತಾರೆ. ದುಡ್ಡು ರುಫಿಯಾ. ಮಳೆ ಗಾಳಿ ಲೆಕ್ಕ ಹಾಕುವುದು ನಕ್ಷತ್ರದಿಂದ, ನಮ್ಮ ಆರಿದ್ರಾ ಅವರಿಗೆ ಅಧ. ಅಕ್ಷರಗಳು ಬಲದಿಂದ ಎಡಕ್ಕೆ, ಮೊದಲ ಒಂಬತ್ತು ಬಂದಿರುವುದೇ ಅರಬ್ಬಿ ಅಂಕಿಗಳಿಂದ. ಲೆಕ್ಕದ ಟೀಚರಿಗೆ ಇನ್ನೇನು ಬೇಕು! ಕವಡೆ ಕೂಡ ನೂರಾರು ವರ್ಷ ಅಲ್ಲಿಂದ ಬಂಗಾಳಕ್ಕೆ ಹೋಗುತ್ತಿತ್ತು, ಬದಲಿಗೆ ಅಕ್ಕಿ ಬರುತ್ತಿತ್ತು. "ಕವಡೆ ಕಾಸಿನ ಕಿಮ್ಮತ್ತಿಲ್ಲ" ಅನ್ನುವ ಮಾತನ್ನು ಅಲ್ಲಿದ್ದಾಗ ಬಾಯಿಗೆ ತರಲಿಲ್ಲ ನಾನು.

ರಜೆ ಶುಕ್ರವಾರ, ಶನಿವಾರ. ಸೂಟ್‌ಕೇಸಿನಲ್ಲಿ ದೇವರ ವಿಗ್ರಹ ಇಡಬೇಡ, ಕಸ್ಟಮ್ಸ್‌ನಲ್ಲಿ ತೊಂದರೆಯಾಗುತ್ತದೆ. ಬೆಳಗ್ಗೆ ತಿಂಡಿಗೆ ಮಾಸ್ ಹುನಿ ಕೊಡುತ್ತಾರೆ, ಟ್ಯೂನಾ ಮೀನಿಗೆ ತೆಂಗಿನ ತುರಿ, ಈರುಳ್ಳಿ ಕಲಸಿದ್ದು. ನೀನು ಮೀನು ತಿನ್ನುವವಳಲ್ಲ. ತರಕಾರಿ ದೋಣಿ ಬಂದ ದಿನ ಮಾತ್ರ ತಾಜಾ, ಆಮೇಲೆ ಆಲೂಗಡ್ಡೆಯೇ ಗತಿ.

ಸಾರಿನ ಪುಡಿ ಎರಡು ಕಿಲೋ ಮಾಡಿಟ್ಟಿದ್ದೇನೆ. ಭಾನುವಾರ ಬಂದು ತಗೊಂಡು ಹೋಗು.

ನಿನ್ನ ದೊಡ್ಡಮ್ಮ