ಹಳೆ ಯೆಜ್ಡಿಯ ಸೈಲೆನ್ಸರ್ ಕೊಯ್ಯಿಸಬೇಡಿ, ಬಿಚ್ಚಿ ತೊಳೆಯಿರಿ

ಮಾನ್ಯ ಸಂಪಾದಕರೇ,

ಕಿವಿ ಕಿತ್ತು ಹೋಗುವ ಹಾಗೆ ಶಬ್ದ ಮಾಡುವ ಸೈಲೆನ್ಸರ್‌ಗಳನ್ನು ಪೊಲೀಸರು ಸಾಲಾಗಿ ಜೋಡಿಸಿ ರೋಡ್ ರೋಲರ್ ಹತ್ತಿಸುವ ಫೋಟೋ ಆಗಾಗ ಪತ್ರಿಕೆಗಳಲ್ಲಿ ಬರುತ್ತದೆ. ಅವರು ಮಾಡುವುದು ಸರಿ. ಮನೆಯಲ್ಲಿ ವಯಸ್ಸಾದವರು, ಹಸುಗೂಸು ಇರುವವರಿಗೆ ಆ ಹಿಂಸೆ ಏನು ಅಂತ ಗೊತ್ತು. ಆದರೆ ಯೆಜ್ಡಿಯಂಥ ಹಳೆ ಟೂ ಸ್ಟ್ರೋಕ್ ಬೈಕುಗಳ, ಅಂದರೆ ಪೆಟ್ರೋಲಿಗೆ ಆಯಿಲ್ ಬೆರೆಸಿ ಓಡಿಸುವ ಗಾಡಿಗಳ ವಿಷಯದಲ್ಲಿ ಈ ಶಬ್ದ ಹುಟ್ಟುವುದು ಎಲ್ಲಿಂದ ಎನ್ನುವುದನ್ನು ಯಾರೂ ಬರೆದದ್ದು ನಾನು ನೋಡಿಲ್ಲ. ಅದಕ್ಕೇ ಈ ಪತ್ರ. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಕತ್ತರಿಸದೆ ಹಾಕಿ.

ನಮ್ಮಪ್ಪ ಇಲ್ಲೇ ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಿದ್ದರು. 1961ರಲ್ಲಿ ಅಲ್ಲಿಂದ ಜಾವಾ ಬೈಕುಗಳು ಹೊರಬರಲು ಶುರುವಾಯಿತು, ಆಮೇಲೆ ಅವೇ ಯೆಜ್ಡಿ ಆದವು, 1996ರಲ್ಲಿ ಕಾರ್ಖಾನೆ ಬಾಗಿಲು ಮುಚ್ಚಿತು. ಅಪ್ಪ ಈಗಿಲ್ಲ. ಅವರ 1984ರ ಯೆಜ್ಡಿ ರೋಡ್‌ಕಿಂಗ್ ಬೈಕ್ ಇದೆ, ನಾನೇ ಓಡಿಸುತ್ತೇನೆ. ಅದರ ಸೈಲೆನ್ಸರ್ ಎರಡೂ ಕಾರ್ಖಾನೆಯಲ್ಲಿ ಹಾಕಿದವೇ. ನಲವತ್ತು ವರ್ಷ ದಾಟಿದರೂ ಬೀದಿಯವರು ಒಂದು ದಿನ ಶಬ್ದ ಅಂತ ದೂರು ಹೇಳಿಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ನಮ್ಮ ಬೀದಿಯ ಹುಡುಗನೊಬ್ಬ ಹೋದ ವರ್ಷ ನಂಜನಗೂಡಿನ ಕಡೆಯಿಂದ ಒಂದು ಹಳೆ ರೋಡ್‌ಕಿಂಗ್ ತಂದ. ಗಾಡಿ ಎಳೆಯುತ್ತಿರಲಿಲ್ಲ. ಚಾಮುಂಡಿ ಬೆಟ್ಟ ಹತ್ತುವಾಗ ಅರ್ಧ ದಾರಿಗೇ ಏದುಸಿರು ಬಿಡುತ್ತಿತ್ತು, ಎಂಜಿನ್ ಕಾಯುತ್ತಿತ್ತು. ಗ್ಯಾರೇಜಿನಲ್ಲಿ ತೋರಿಸಿದ. ಅವರು ಸೈಲೆನ್ಸರ್ ಬ್ಲಾಕ್ ಆಗಿದೆ ಅಂದರು, ಅದು ನಿಜ. ಆದರೆ ಅದಕ್ಕೆ ಮಾಡಿದ್ದು ಏನು ಗೊತ್ತಾ? ಹಿಂದಿನಿಂದ ಬ್ಯಾಫಲ್ ಕಿತ್ತು ಗುಜರಿಗೆ ಎಸೆದು, 'ಈಗ ಫ್ರೀ ಆಯ್ತು, ಸೌಂಡೂ ಚೆನ್ನಾಗಿರುತ್ತೆ' ಅಂತ ಕಳಿಸಿದರು. ಗ್ಯಾರೇಜಿನವರು ಬ್ಯಾಫಲ್ಲಿಗೆ ಫಿಲ್ಟರ್ ಅಂತಾರೆ. ತೂತು ತೂತಿರುವ ಕೊಳವೆ ಅದು, ಸೈಲೆನ್ಸರ್ ಒಳಗೆ ಕೂತು ಶಬ್ದವನ್ನು ಕುಗ್ಗಿಸುತ್ತದೆ. ಅದು ಹೋದ ಮೇಲೆ ಹುಡುಗನ ಗಾಡಿ ಬೀದಿ ತುದಿಗೆ ಬಂದರೆ ಸಾಕು, ನಮ್ಮ ಮನೆ ಕಿಟಕಿ ಗಾಜು ನಡುಗುತ್ತದೆ. ಬೆಟ್ಟದ ಮೇಲೆ ಎಳೆತ ಮಾತ್ರ ವಾಪಸ್ ಬಂದಿಲ್ಲ.

ಬರುವುದೂ ಇಲ್ಲ. ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ಸೈಲೆನ್ಸರ್ ಅಂದರೆ ಬರೀ ಹೊಗೆ ಹೋಗುವ ದಾರಿ ಅಲ್ಲ, ಎಂಜಿನ್ನಿನದೇ ಒಂದು ಭಾಗ. ಸುಟ್ಟ ಗಾಳಿ ಹೊರಗೆ ನುಗ್ಗುವ ಹೊತ್ತಿಗೇ ಹೊಸ ಪೆಟ್ರೋಲ್ ಗಾಳಿ ಒಳಗೆ ಬರುತ್ತಿರುತ್ತದೆ, ಎರಡೂ ಬಾಗಿಲು ಸ್ವಲ್ಪ ಹೊತ್ತು ಒಟ್ಟಿಗೇ ತೆರೆದಿರುತ್ತವೆ. ಸೈಲೆನ್ಸರ್ ಒಳಗಿಂದ ವಾಪಸ್ ಬರುವ ಒತ್ತಡ ಆ ಹೊಸ ಗಾಳಿಯನ್ನು ಹೊರಗೆ ಸೋರಿಹೋಗದಂತೆ ತಡೆಯುತ್ತದೆ. ಕಾರ್ಖಾನೆಯವರು ಪೈಪಿನ ಉದ್ದ, ದಪ್ಪ, ಬ್ಯಾಫಲ್ ಎಲ್ಲವನ್ನೂ ಲೆಕ್ಕ ಹಾಕಿ ಇಟ್ಟಿರುತ್ತಾರೆ. ಅದನ್ನು ಕಿತ್ತರೆ ಸುಡದ ಪೆಟ್ರೋಲ್ ಹಾಗೇ ಹೊರಗೆ ಹೋಗುತ್ತದೆ. ಮೈಲೇಜ್ ಬೀಳುತ್ತದೆ, ಹೊಗೆ ತಪಾಸಣೆಯಲ್ಲಿ ಹೈಡ್ರೋಕಾರ್ಬನ್, ಅಂದರೆ ಸುಡದೆ ಹೋದ ಪೆಟ್ರೋಲಿನ ಅಂಕಿ ಏರುತ್ತದೆ. 2000ದ ಮಾರ್ಚ್ 31ರವರೆಗೆ ತಯಾರಾದ ದ್ವಿಚಕ್ರ ವಾಹನಗಳಿಗೆ ನಿಯಮ ಕೊಟ್ಟಿರುವ ಮಿತಿ ಕಾರ್ಬನ್ ಮಾನಾಕ್ಸೈಡ್ 4.5 ಶೇಕಡಾ, ಹೈಡ್ರೋಕಾರ್ಬನ್ 9000 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ 9000 ಭಾಗ). ಹಳೆ ಗಾಡಿ ಅಂತ ಧಾರಾಳವಾಗೇ ಕೊಟ್ಟಿದ್ದಾರೆ. ಬ್ಯಾಫಲ್ ಕಿತ್ತರೆ ಅದನ್ನೂ ದಾಟುವ ಭಯ ಇರುತ್ತದೆ. ಇನ್ನು ಶಬ್ದ, ಹೊಗೆಯ ನಿಯಮ ಮೀರಿದರೆ ಮೋಟಾರು ವಾಹನ ಕಾಯ್ದೆಯ 190(2)ನೇ ಕಲಮಿನಲ್ಲಿ, 2019ರ ತಿದ್ದುಪಡಿ ಆದ ಮೇಲೆ, ಮೊದಲ ಸಲಕ್ಕೇ 10,000 ರೂಪಾಯಿವರೆಗೆ ದಂಡ ಅಥವಾ ಮೂರು ತಿಂಗಳವರೆಗೆ ಜೈಲು ಅಥವಾ ಎರಡೂ ಇದೆ. ಮೂರು ತಿಂಗಳು ಲೈಸೆನ್ಸ್ ಕೂಡ ಹೋಗುತ್ತದೆ. ಇದೆಲ್ಲ ಒಂದು ಭಾನುವಾರದ ಕೆಲಸ ತಪ್ಪಿಸಿಕೊಳ್ಳಲು ಹೋಗಿ!

ಹೌದು, ಒಂದು ಭಾನುವಾರದ ಕೆಲಸ ಅಷ್ಟೇ. ಮನೆ ಅಂಗಳದಲ್ಲೇ ಆಗುತ್ತದೆ. ನಾನು ಮಾಡುವ ಬಗೆ ಹೇಳುತ್ತೇನೆ.

ಹಿಂದಿನ ರಾತ್ರಿಯೇ ಬೆಂಡ್ ಪೈಪನ್ನು (ಎಂಜಿನ್ನಿನಿಂದ ಸೈಲೆನ್ಸರ್‌ಗೆ ಹೋಗುವ ಬಾಗಿದ ಪೈಪು) ಎಂಜಿನ್ನಿಗೆ ಬಿಗಿದಿರುವ ರಿಂಗ್ ನಟ್‌ಗಳಿಗೆ, ಸೈಲೆನ್ಸರ್ ಹಿಡಿದಿರುವ ಬೋಲ್ಟ್‌ಗಳಿಗೆ ತುಕ್ಕು ಬಿಡಿಸುವ ಎಣ್ಣೆ ಬಿಟ್ಟಿಡಿ. ಒಂದು ರಾತ್ರಿ ನೆನೆದರೆ ಬೆಳಿಗ್ಗೆ ಅರ್ಧ ಕೆಲಸ ಆದ ಹಾಗೆ. ರಿಂಗ್ ನಟ್ ಬಿಚ್ಚಲು ಕೊಕ್ಕೆ ಸ್ಪ್ಯಾನರ್ ಬೇಕು, ಸಿ ಸ್ಪ್ಯಾನರ್ ಅಂತ ಅಂಗಡಿಯಲ್ಲಿ ಕೇಳಿದರೆ ಕೊಡುತ್ತಾರೆ. ದಯವಿಟ್ಟು ಉಳಿ ಇಟ್ಟು ಸುತ್ತಿಗೆಯಲ್ಲಿ ಹೊಡೆಯಬೇಡಿ. ನಟ್ ಕೂರುವುದು ಸಿಲಿಂಡರ್ ಬ್ಯಾರಲ್ಲಿನ, ಅಂದರೆ ಪಿಸ್ಟನ್ ಓಡಾಡುವ ಕೊಳವೆಯ ತ್ರೆಡ್ ಮೇಲೆ. ಆ ತ್ರೆಡ್ ಕೆಟ್ಟರೆ ಇಡೀ ಬ್ಯಾರಲ್ ಕೆಟ್ಟಂತೆ, ಈಗ ಒಳ್ಳೆ ಬ್ಯಾರಲ್ ಎಲ್ಲಿ ಸಿಗುತ್ತದೆ?

ಮೊದಲ ಸಲ ಅಪ್ಪ ನನ್ನ ಕೈಲಿ ಬ್ಯಾಫಲ್ ಎಳೆಸಿದ್ದು ನಾನು ಹೈಸ್ಕೂಲಿನಲ್ಲಿದ್ದಾಗ. ಹಿಂದಿನ ತುದಿ ಬಿಚ್ಚಿ, ತಿರುಗಿಸುತ್ತಾ ತಿರುಗಿಸುತ್ತಾ ಎಳೆದೆವು. ಬರಲೇ ಇಲ್ಲ. ಆಮೇಲೆ ಒಮ್ಮೆಲೇ ಬಂತು. ಬೆಲ್ಲದ ಪಾಕ ಸೀದು ಬಾಣಲೆಗೆ ಹತ್ತಿಕೊಂಡರೆ ಹೇಗಿರುತ್ತದೆ ಹೇಳಿ, ಹಾಗೇ ಇತ್ತು. ಕಪ್ಪಗೆ, ಮೇಲೆ ಅಂಟು ಅಂಟು, ಕೆಳಗೆ ಕಲ್ಲು. ಬೆರಳು ತೂರುವಷ್ಟು ದೊಡ್ಡ ತೂತುಗಳು ಸಾಸಿವೆ ಕಾಳಿನಷ್ಟು ಚಿಕ್ಕದಾಗಿದ್ದವು, ಕೆಲವು ಪೂರ್ತಿ ಮುಚ್ಚಿಹೋಗಿದ್ದವು. ಪೆಟ್ರೋಲ್ ಜೊತೆ ಆಯಿಲ್ ಕೂಡ ಸುಡುತ್ತದಲ್ಲ, ಪೂರ್ತಿ ಸುಡದೆ ಉಳಿದದ್ದು ಅಲ್ಲಿ ಕೂರುತ್ತದೆ. 'ಇಷ್ಟು ಸಣ್ಣ ಕಿಂಡಿಯಲ್ಲಿ ನೀನು ಉಸಿರಾಡ್ತೀಯಾ?' ಅಂತ ಅಪ್ಪ ಕೇಳಿದ್ದರು.

ಕಾರ್ಬನ್ ತೆಗೆಯಲು ಕೆಲವರು ಬ್ಯಾಫಲ್ಲನ್ನು ಸೌದೆ ಬೆಂಕಿಗೆ ಹಾಕುತ್ತಾರೆ. ಹೊಗೆ ವಿಪರೀತ, ಅಕ್ಕಪಕ್ಕದವರಿಗೆ ತೊಂದರೆ. ನಾನು ಕಾಸ್ಟಿಕ್ ಸೋಡಾದಲ್ಲಿ ನೆನೆಸುತ್ತೇನೆ. ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಹತ್ತು ಲೀಟರ್ ತಣ್ಣೀರು, ಅದಕ್ಕೆ ಅರ್ಧ ಕೆಜಿ ಸೋಡಾ, ಸ್ವಲ್ಪ ಸ್ವಲ್ಪವಾಗಿ. ನೀರಿಗೆ ಸೋಡಾ ಹಾಕಬೇಕು, ಸೋಡಾ ಮೇಲೆ ನೀರು ಸುರಿಯಬಾರದು, ಕುದಿದು ಮುಖಕ್ಕೆ ಹಾರುತ್ತದೆ. ರಬ್ಬರ್ ಗ್ಲೌಸ್, ಕಣ್ಣಿಗೆ ಕನ್ನಡಕ ಇಲ್ಲದೆ ಮುಟ್ಟಲೇಬೇಡಿ, ಮಕ್ಕಳನ್ನು ಆ ಕಡೆ ಬಿಡಬೇಡಿ. ಅಲ್ಯೂಮಿನಿಯಂ ಸಾಮಾನು ಯಾವುದನ್ನೂ ಅದರಲ್ಲಿ ಅದ್ದಬಾರದು, ಲೋಹವನ್ನೇ ತಿಂದುಬಿಡುತ್ತದೆ, ಹೊತ್ತಿಕೊಳ್ಳುವ ಗಾಳಿ ಬೇರೆ ಬರುತ್ತದೆ. ಒಂದು ರಾತ್ರಿ ಬಿಟ್ಟು ಬೆಳಿಗ್ಗೆ ತೆಗೆದು ವೈರ್ ಬ್ರಷ್ಷಿನಲ್ಲಿ ಉಜ್ಜಿದರೆ ಸಿಪ್ಪೆ ಸಿಪ್ಪೆಯಾಗಿ ಏಳುತ್ತದೆ. ಧಾರಾಳವಾಗಿ ನೀರು ಹಾಕಿ ತೊಳೆದು ಬಿಸಿಲಿಗಿಡಿ. ಆ ಕಪ್ಪು ನೀರನ್ನು ಗಿಡಗಳಿಗೆ ಚೆಲ್ಲಬೇಡಿ.

ಬೆಂಡ್ ಪೈಪಿಗೆ ಅಪ್ಪನ ಉಪಾಯವೇ ಇವತ್ತಿಗೂ ಒಳ್ಳೆಯದು. ಹಳೆ ಕ್ಲಚ್ ಕೇಬಲ್ಲಿನ ಒಳತಂತಿ ಎಸೆಯಬೇಡಿ. ಅದರ ತುದಿಯ ಎಳೆಗಳನ್ನು ಬಿಡಿಸಿ ಪೊರಕೆ ಹಾಗೆ ಹರಡಿ, ಪೈಪಿನೊಳಗೆ ತೂರಿಸಿ ಆ ಕಡೆ ಈ ಕಡೆ ಎಳೆದಾಡಿ. ಬಾಗಿದ ಜಾಗಕ್ಕೂ ಅದು ಹೋಗುತ್ತದೆ. ಬ್ಯಾರಲ್ಲಿನಲ್ಲಿ ಹೊಗೆ ಹೊರಬರುವ ಎರಡು ಎಕ್ಸಾಸ್ಟ್ ಬಾಯಿಗಳನ್ನೂ ನೋಡಿ, ಅಲ್ಲೂ ಕಾರ್ಬನ್ ಕಟ್ಟಿರುತ್ತದೆ. ಕಿಕ್ ಮೆಲ್ಲಗೆ ಒತ್ತಿ ಪಿಸ್ಟನ್ ಆ ಬಾಯಿ ಮುಚ್ಚುವಂತೆ ನಿಲ್ಲಿಸಿ, ಮರದ ಕಡ್ಡಿಯಿಂದ ಕೆರೆಯಿರಿ. ಸ್ಕ್ರೂ ಡ್ರೈವರ್ ಹಾಕಿದರೆ ಪಿಸ್ಟನ್ ಗೀರಿಹೋಗುತ್ತದೆ. ಉದುರಿದ ಪುಡಿ ಒಂದು ಚೂರೂ ಒಳಗೆ ಬೀಳಬಾರದು.

ತುಕ್ಕಿನ ಬಗ್ಗೆ ಒಂದು ಮಾತು. ಸೈಲೆನ್ಸರ್ ಹೊರಗಿಂದ ಫಳಫಳ ಅನ್ನುತ್ತಿದ್ದರೂ ಒಳಗಿಂದ ಕೊಳೆಯುತ್ತದೆ. ಒಂದು ಲೀಟರ್ ಪೆಟ್ರೋಲ್ ಸುಟ್ಟರೆ ಸುಮಾರು ಒಂದು ಲೀಟರ್ ನೀರು ಆವಿಯಾಗಿ ಬರುತ್ತದೆ. ಬಹಳ ಜನಕ್ಕೆ ಇದು ಗೊತ್ತಿಲ್ಲ. ಗಾಡಿ ಚೆನ್ನಾಗಿ ಬಿಸಿಯಾದರೆ ಆವಿ ಹೊರಗೆ ಹೋಗುತ್ತದೆ, ತರಕಾರಿ ತರಲು ಅರ್ಧ ಕಿಲೋಮೀಟರ್ ಹೋಗಿ ನಿಲ್ಲಿಸಿದರೆ ಅಲ್ಲೇ ನೀರಾಗಿ ತಳದಲ್ಲಿ ನಿಲ್ಲುತ್ತದೆ. ಹಳೆ ಗಾಡಿ ಇರುವವರು ವಾರಕ್ಕೊಮ್ಮೆಯಾದರೂ ಹದಿನೈದು ಇಪ್ಪತ್ತು ಕಿಲೋಮೀಟರ್ ಓಡಿಸಿ, ಸುಮ್ನೆ ಮನೆ ಮುಂದೆ ಸ್ಟಾರ್ಟ್ ಮಾಡಿ ಐದು ನಿಮಿಷ ಬಿಡುವುದರಿಂದ ಕೆಡುಕೇ ಜಾಸ್ತಿ. ಕೆಲವು ಸೈಲೆನ್ಸರ್‌ಗಳ ತಳದಲ್ಲಿ ನೀರು ಇಳಿಯಲೆಂದೇ ಒಂದು ಸಣ್ಣ ತೂತು ಇರುತ್ತದೆ, ಅದನ್ನು ಲೀಕ್ ಅಂತ ತಿಳಿದು ಮುಚ್ಚಬೇಡಿ.

ತುಕ್ಕು ಹಿಡಿದು ನಿಜವಾಗಿಯೂ ತೂತಾಗಿದ್ದರೆ, ಸಣ್ಣದಾದರೆ ಸುತ್ತ ಉಜ್ಜಿ ಶುದ್ಧ ಮಾಡಿ, ಬಿಸಿ ತಡೆಯುವ ಸೈಲೆನ್ಸರ್ ಪುಟ್ಟಿ ಮೆತ್ತಿ, ಮೇಲೆ ತಗಡು ಸುತ್ತಿ ಕ್ಲಿಪ್ ಬಿಗಿದರೆ ಕೆಲವು ತಿಂಗಳು ಬರುತ್ತದೆ. ನಲ್ಲಿ ಪೈಪಿಗೆ ಹಚ್ಚುವ ಪೇಸ್ಟ್ ಇಲ್ಲಿ ನಿಲ್ಲುವುದಿಲ್ಲ, ಬಿಸಿಗೆ ಉದುರುತ್ತದೆ. ದೊಡ್ಡ ತೂತಿಗೆ ವೆಲ್ಡಿಂಗೇ ಆಗಬೇಕು. ಸೈಲೆನ್ಸರ್ ಬಿಚ್ಚಿಕೊಂಡು ಹೋಗಿ, ಗಾಡಿಯಲ್ಲಿ ಇದ್ದ ಹಾಗೇ ಮಾಡಿಸಬೇಡಿ, ಮೇಲೆ ಪೆಟ್ರೋಲ್ ಟ್ಯಾಂಕ್ ಇದೆ. ತಗಡು ತೆಳ್ಳಗಿರುವುದರಿಂದ ಗ್ಯಾಸ್ ವೆಲ್ಡಿಂಗ್ ಬಲ್ಲವರನ್ನೇ ಹುಡುಕಿ, ಕೈ ಪಳಗದವರು ಕರೆಂಟಿನ ಆರ್ಕ್ ವೆಲ್ಡಿಂಗ್ ಹಿಡಿದರೆ ತೂತು ಇನ್ನೂ ದೊಡ್ಡದಾಗುತ್ತದೆ. ತೇಪೆಗೆ ಜಿಐ ಶೀಟ್, ಅಂದರೆ ಸತು ಲೇಪಿಸಿದ ತಗಡು ಬೇಡ ಅಂತ ಹೇಳಿ. ಅದರ ಸತು ಸುಟ್ಟ ಹೊಗೆ ಕುಡಿದರೆ ವೆಲ್ಡರ್‌ಗೆ ಚಳಿಜ್ವರ ಬರುತ್ತದೆ.

ವಾಪಸ್ ಕೂರಿಸುವಾಗ ಜನ ತಪ್ಪು ಮಾಡುವುದು ಒಂದೇ ಜಾಗದಲ್ಲಿ. ಹಿಂದಿನ ಬೋಲ್ಟ್ ಮೊದಲು ಬಿಗಿದು, ಆಮೇಲೆ ಪೈಪನ್ನು ಎಂಜಿನ್ ಕಡೆಗೆ ಬಲವಂತವಾಗಿ ತಳ್ಳುತ್ತಾರೆ. ಆ ಎಳೆತದಲ್ಲೇ ಬ್ರಾಕೆಟ್ ಹತ್ತಿರ ಬಿರುಕು ಬಿಡುವುದು. ಎಲ್ಲವನ್ನೂ ಬೆರಳಲ್ಲೇ ತಿರುಗಿಸಿ ಕೂರಿಸಿ, ಹೊಸ ಗ್ಯಾಸ್ಕೆಟ್ ಹಾಕಿ, ಎಂಜಿನ್ ಕಡೆಯ ರಿಂಗ್ ನಟ್ ಮೊದಲು ಬಿಗಿಯಿರಿ, ಹಿಂದಿನದು ಕೊನೆಗೆ. ಹಳೆ ಗ್ಯಾಸ್ಕೆಟ್ಟಿನಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರಬಹುದು, ಅದರ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು, ಒಣಗಿದ್ದನ್ನು ಕೆರೆದು ಧೂಳೆಬ್ಬಿಸಬೇಡಿ, ಒದ್ದೆ ಮಾಡಿ ತೆಗೆಯಿರಿ. ಒಂದು ಸುತ್ತು ಓಡಿಸಿ ತಣ್ಣಗಾದ ಮೇಲೆ ಮತ್ತೊಮ್ಮೆ ಬಿಗಿಯಬೇಕು. ಎರಡು ದಿನ ಬಿಟ್ಟು ಜಾಯಿಂಟ್ ನೋಡಿ, ಕಪ್ಪು ಎಣ್ಣೆ ಒಸರಿದ್ದರೆ ಅಲ್ಲಿ ಸೋರುತ್ತಿದೆ ಅಂತಲೇ ಅರ್ಥ.

ಸ್ಟಾರ್ಟ್ ಮಾಡಿ ನೋಡುವುದು ಮಾತ್ರ ಬಯಲಿನಲ್ಲೇ. ಶಟರ್ ಎಳೆದ ಶೆಡ್ಡಿನಲ್ಲಿ, ಮಳೆ ಅಂತ ಮನೆಯೊಳಗಿನ ಹಜಾರದಲ್ಲಿ ಎಂಜಿನ್ ಬಿಡಬೇಡಿ. ಕಾರ್ಬನ್ ಮಾನಾಕ್ಸೈಡಿಗೆ ಬಣ್ಣ ಇಲ್ಲ, ವಾಸನೆ ಇಲ್ಲ, ತಲೆ ಸುತ್ತುತ್ತಿದೆ ಅಂತ ಗೊತ್ತಾಗುವ ಹೊತ್ತಿಗೆ ಎದ್ದು ಹೊರಗೆ ಹೋಗುವ ಶಕ್ತಿಯೇ ಇಲ್ಲದಿರಬಹುದು. ಎಂಜಿನ್ ಇನ್ನೂ ತಣ್ಣಗಿರುವಾಗಲೇ ಎರಡೂ ಸೈಲೆನ್ಸರ್ ಹಿಂದೆ ಒಂದೊಂದು ಕೈ ಹಿಡಿಯಿರಿ. ಎರಡೂ ಕಡೆ ಒಂದೇ ಸಮ ಗಾಳಿ ತಟ್ಟಬೇಕು. ಒಂದು ಕಡೆ ಕಮ್ಮಿ ಅನಿಸಿದರೆ ಆ ಕಡೆ ಇನ್ನೂ ಕಾರ್ಬನ್ ಉಳಿದಿದೆ.

ಗ್ಯಾರೇಜಿನವರಲ್ಲಿ ನನ್ನದೊಂದು ವಿನಂತಿ. ಬ್ಯಾಫಲ್ ತೊಳೆಯಲು ಎರಡು ದಿನ ಗಾಡಿ ನಿಲ್ಲಿಸಿಕೊಳ್ಳಬೇಕಾಗುತ್ತದೆ, ಅದರಿಂದ ನಿಮಗೆ ಸಿಗುವುದೂ ಕಡಿಮೆ, ಗೊತ್ತು. ತೊಳೆಯಲು ಆಗದಿದ್ದರೆ ಬ್ಯಾಫಲ್ಲನ್ನು ಗಿರಾಕಿಯ ಕೈಗೇ ಕೊಟ್ಟುಬಿಡಿ. ಎಸೆಯಬೇಡಿ. ಪೊಲೀಸರಲ್ಲಿ ಇನ್ನೊಂದು. ಹಳೆ ಗಾಡಿಯಲ್ಲಿ ಮೂಲ ಸೈಲೆನ್ಸರೇ ಇದ್ದು ಬ್ಯಾಫಲ್ ಮಾತ್ರ ಇಲ್ಲದಿದ್ದರೆ, ದಂಡ ಹಾಕಿ, ಸರಿ ಮಾಡಿಸಿಕೊಂಡು ಬಂದು ತೋರಿಸು ಅಂತ ಒಂದು ವಾರ ಕೊಡಿ. ರೋಲರ್ ಕೆಳಗೆ ಹೋದದ್ದು ಮತ್ತೆ ಹುಟ್ಟುವುದಿಲ್ಲ. ಮೈಸೂರಿನ ಕೈಗಳು ಮಾಡಿದ ಸಾಮಾನು ಅದು, ಮಾಡಿದ ಕಾರ್ಖಾನೆಯೂ ಈಗಿಲ್ಲ.

ಪ್ರತಿ ಜುಲೈ ಎರಡನೇ ಭಾನುವಾರ ಜಾವಾ ಯೆಜ್ಡಿ ದಿನ ಅಂತ ಹಳೆ ಗಾಡಿಗಳೆಲ್ಲ ರಸ್ತೆಗೆ ಬರುತ್ತವೆ. ಈ ಸಲ ನಮ್ಮ ಬೀದಿ ಹುಡುಗನೂ ಹೊರಡಬೇಕು ಅಂತಿದ್ದಾನೆ. ನಾನು ಅವನನ್ನು ಕೂರಿಸಿಕೊಂಡು ನನ್ನ ಗಾಡಿಯ ಬ್ಯಾಫಲ್ ಬಿಚ್ಚಿ ತೋರಿಸಿದೆ, ತುಂಬಾ ಹೊತ್ತು ಕೈಯಲ್ಲಿ ಹಿಡಿದು ನೋಡಿದ. ಈಗ ತನ್ನ ಗಾಡಿಗೆ ಒಂದು ಜೊತೆ ಹುಡುಕುತ್ತಿದ್ದಾನೆ. ಗುಜರಿ ಅಂಗಡಿಗಳನ್ನೆಲ್ಲ ಸುತ್ತಿ ಒಂದು ಸಿಕ್ಕಿದೆ, ಇನ್ನೊಂದು ಬೇಕು. ನಿಮ್ಮ ಓದುಗರ ಅಟ್ಟದ ಮೇಲೆ, ಹಿತ್ತಿಲ ಮೂಲೆಯಲ್ಲಿ ರೋಡ್‌ಕಿಂಗ್ ಸೈಲೆನ್ಸರ್ ಬಿದ್ದಿದ್ದರೆ ಗುಜರಿಯವನಿಗೆ ತೂಕಕ್ಕೆ ಹಾಕಬೇಡಿ. ಹಿಂದಿನ ತುದಿ ಬಿಚ್ಚಿ ಒಳಗೆ ಬ್ಯಾಫಲ್ ಇದೆಯಾ ಒಮ್ಮೆ ನೋಡಿ.

ಇಂತಿ ನಿಮ್ಮ ಓದುಗ,
ಯಾದವಗಿರಿ, ಮೈಸೂರು