ಲಿವರಿ ವಿನ್ಯಾಸಕ್ಕೆ ಇನ್ನು ಬೇರೆ ಬಿಲ್: ನಮ್ಮ ರ‍್ಯಾಲಿ ಮತ್ತು ರೇಸ್ ತಂಡಗಳಿಗೆ ಒಂದು ಪತ್ರ

ನಲ್ಮೆಯ ಗ್ರಾಹಕರೇ,

ಮುಂದಿನ ತಿಂಗಳ ಒಂದನೇ ತಾರೀಖಿನಿಂದ ಕಾರಿನ ಲಿವರಿ (ಮೈಮೇಲಿನ ಬಣ್ಣ, ಚಿತ್ರ, ಪ್ರಾಯೋಜಕರ ಹೆಸರುಗಳ) ವಿನ್ಯಾಸಕ್ಕೆ ಒಂದು ಬಿಲ್, ಅದನ್ನು ಪ್ರಿಂಟ್ ಮಾಡಿ ಅಂಟಿಸುವುದಕ್ಕೆ ಇನ್ನೊಂದು ಬಿಲ್ ಕೊಡುತ್ತೇವೆ. ಇಲ್ಲಿಯವರೆಗೆ ವಿನ್ಯಾಸಕ್ಕೆಂದು ನಾವು ದುಡ್ಡು ಕೇಳಿದವರಲ್ಲ, ಸ್ಟಿಕ್ಕರಿನ ಬೆಲೆಯೊಳಗೇ ಅದು ಸೇರಿಹೋಗುತ್ತಿತ್ತು. ಇನ್ನು ಒಂದು ಕಾರಿನ ವಿನ್ಯಾಸಕ್ಕೆ 12,000 ರೂಪಾಯಿ, ಅದರ ಮೇಲೆ ಶೇ 18 ಜಿಎಸ್‌ಟಿ. ಮೂರು ಸಲದ ತಿದ್ದುಪಡಿ ಇದರಲ್ಲೇ ಬಂತು.

ಸೀಸನ್ ನಡುವೆ ಈ ಮಾತು ಹೇಳಬೇಕಾಗಿ ಬಂದದ್ದಕ್ಕೆ ಕ್ಷಮೆ ಇರಲಿ. ವರ್ಷದ ಲೆಕ್ಕ ಹಾಕಿಕೊಂಡು, ಪ್ರಾಯೋಜಕರನ್ನು ಒಪ್ಪಿಸಿ ಕೂತಿರುವವರಿಗೆ ಇದು ಹೊರೆ ಎಂದು ಬಲ್ಲೆವು. ನಮ್ಮ ಶೆಡ್ಡು ಹೇಗೆ ಶುರುವಾಯಿತು, ಯಾರ ಕಾರಿನಿಂದ ಶುರುವಾಯಿತು ಎಂಬುದೆಲ್ಲ ನಿಮಗೆ ತಿಳಿದದ್ದೇ, ಅದನ್ನು ಇಲ್ಲಿ ಎಳೆಯುವುದಿಲ್ಲ. ಆದರೆ ‘ನಾಲ್ಕು ಜನ ಗುರುತಿಸತೊಡಗಿದ ಮೇಲೆ ಇವರ ರೇಟೂ ಏರಿತು’ ಎಂಬ ಮಾತು ಕಿವಿಗೆ ಬಿದ್ದು ಬೇಸರವಾಗಿದೆ. ನಾವು ಬಳಸುವ ಫಿಲ್ಮ್, ಅಂದರೆ ಕಾರಿಗೆ ಅಂಟಿಸುವ ವಿನೈಲ್ ಪ್ಲಾಸ್ಟಿಕ್ ಹಾಳೆ, ಹೊರದೇಶದಿಂದ ಬರುತ್ತದೆ. ಡಾಲರ್ ಏರಿದಂತೆಲ್ಲ ಅದೂ ಏರುತ್ತದೆ. ಒಂದು ಹ್ಯಾಚ್‌ಬ್ಯಾಕ್ ಕಾರಿಗೆ ಪೂರ್ತಿ ಹೊದಿಸಲು ಹದಿನೈದು ಮೀಟರಿನ ಆಸುಪಾಸು ಫಿಲ್ಮ್ ಬೇಕು, ಅದರ ಮೇಲೆ ಅಷ್ಟೇ ಲ್ಯಾಮಿನೇಷನ್ ಬೇಕು. ಏರಿದ ಬೆಲೆಯನ್ನು ಇಷ್ಟು ದಿನ ನಮ್ಮ ಕೂಲಿಯಲ್ಲಿ ಕಳೆದುಕೊಂಡು ತೂಗಿಸಿದೆವು. ಇನ್ನು ಕಳೆಯಲು ಅಲ್ಲಿ ಏನೂ ಉಳಿದಿಲ್ಲ.

ಎಲ್ಲರೂ ಹೇಳುವ ಒಂದು ಮಾತಿದೆ: ‘ಬೆಂಗಳೂರಿನ ಜೆ.ಸಿ. ರಸ್ತೆಯ ಕಾರಿನಂಗಡಿಗಳಲ್ಲಿ ಇದರ ಅರ್ಧ ದುಡ್ಡಿಗೆ ಅಂಟಿಸಿಕೊಡುತ್ತಾರೆ. ಎಷ್ಟಾದರೂ ಸ್ಟಿಕ್ಕರ್ ತಾನೆ?’ ಜೆ.ಸಿ. ರಸ್ತೆಯವರ ಕೈಚಳಕದ ಬಗ್ಗೆ ನಮಗೆ ಗೌರವವಿದೆ. ದಿನನಿತ್ಯ ಓಡಿಸುವ ಕಾರಿಗೆ ಎರಡು ಪಟ್ಟೆ ಎಳೆಸಬೇಕಾದರೆ ಧಾರಾಳವಾಗಿ ಅಲ್ಲಿಗೇ ಹೋಗಿ. ರ‍್ಯಾಲಿ ಕಾರಿನ ಮಾತು ಬೇರೆ.

ಅಗ್ಗದ ವಿನೈಲನ್ನು ರೋಲರುಗಳ ನಡುವೆ ಒತ್ತಿ, ಎಳೆದು ಹಾಳೆ ಮಾಡಿರುತ್ತಾರೆ. ಎಳೆಸಿಕೊಂಡ ಹಾಳೆಗೆ ತನ್ನ ಮೊದಲಿನ ಅಳತೆಗೆ ಕುಗ್ಗುವ ಸ್ವಭಾವ ಇದ್ದೇ ಇರುತ್ತದೆ. ಚಪ್ಪಟೆ ಬಾಗಿಲ ಮೇಲೆ ಅದು ಸುಮ್ಮನಿರುತ್ತದೆ. ಬಂಪರಿನ ತಿರುವಿನಲ್ಲಿ, ಚಕ್ರದ ಕಮಾನಿನ ಅಂಚಿನಲ್ಲಿ ಬಿಸಿಲು ತಗಲಿದ ಕೂಡಲೇ ಏಳತೊಡಗುತ್ತದೆ. ನಾವು ಬಳಸುವುದು ಕಾಸ್ಟ್ ಫಿಲ್ಮ್. ಅದನ್ನು ದ್ರವವಾಗಿ ಸುರಿದು ಒಣಗಿಸಿರುತ್ತಾರೆ, ಸುಮಾರು 50 ಮೈಕ್ರಾನ್ ದಪ್ಪ ಇರುತ್ತದೆ. ಎಳೆತ ಇಲ್ಲದೆ ಹುಟ್ಟಿದ್ದರಿಂದ ಕುಗ್ಗುವ ಹಟವೂ ಅದಕ್ಕೆ ಕಡಿಮೆ. ಹಾಗೆಂದು ಅಂಟಿಸಿ ಕೈತೊಳೆದುಕೊಳ್ಳುವಂತಿಲ್ಲ. ತಿರುವು ಇರುವಲ್ಲೆಲ್ಲ ಹೀಟ್ ಗನ್ ಹಿಡಿದು, ಫಿಲ್ಮ್ 90 ಡಿಗ್ರಿ ದಾಟಿತೇ ಎಂದು ಥರ್ಮಾಮೀಟರಿನಲ್ಲಿ ನೋಡುತ್ತ, ಅಂಗುಲ ಅಂಗುಲವಾಗಿ ಕೂರಿಸಬೇಕು. ಪ್ರಿಂಟ್ ಆದ ಹಾಳೆಯನ್ನು ಲ್ಯಾಮಿನೇಟ್ ಮಾಡುವ ಮೊದಲು ಒಂದು ದಿನವಾದರೂ ಹಾಗೇ ಬಿಡಬೇಕು. ಇಲ್ಲವಾದರೆ ಶಾಯಿಯ ದ್ರಾವಕ ಒಳಗೇ ಸಿಕ್ಕಿಕೊಂಡು ಅಂಟನ್ನು ಮೆತ್ತಗಾಗಿಸುತ್ತದೆ. ‘ಇವತ್ತು ಫೈಲ್ ಕೊಡುತ್ತೇನೆ, ನಾಳೆ ಬೆಳಿಗ್ಗೆ ಕಾರು ಬೇಕು’ ಎಂದರೆ ಆಗುವುದಿಲ್ಲ ಎನ್ನುವುದು ಇದೇ ಕಾರಣಕ್ಕೆ, ಸೋಮಾರಿತನದಿಂದಲ್ಲ. ಸೀಸನ್ ಮುಗಿದು ಕಾರು ಮಾರುವಾಗ ಕೀಳಬೇಕಲ್ಲ, ಆಗಲೂ ವ್ಯತ್ಯಾಸ ಕಾಣುತ್ತದೆ. ಒಳ್ಳೆಯ ಫಿಲ್ಮ್ ಬಿಸಿ ತೋರಿಸಿದರೆ ಹಾಳೆಯಾಗಿ ಬರುತ್ತದೆ. ಅಗ್ಗದ್ದು ಚೂರುಚೂರಾಗಿ ಹರಿದು ಅಂಟನ್ನು ಪೇಂಟಿನ ಮೇಲೆ ಬಿಟ್ಟುಹೋಗುತ್ತದೆ.

ಇಷ್ಟು ಅಂಟಿಸುವ ಕೆಲಸವಾಯಿತು. ಈಗ ಬೇರೆ ಬಿಲ್ ಆಗುತ್ತಿರುವುದು ವಿನ್ಯಾಸಕ್ಕೆ, ಅದೂ ನಮ್ಮ ದಿನಗಳನ್ನು ತಿನ್ನುತ್ತದೆ. ಇಂಟರ್ನೆಟ್ಟಿನಲ್ಲಿ ಸಿಗುವ ಕಾರಿನ ನಕ್ಷೆಯ ಮೇಲೆ ಬಿಡಿಸಿದರೆ ಪೆಟ್ರೋಲ್ ಮುಚ್ಚಳದ ಗೆರೆ ಸರಿಯಾಗಿ ಪ್ರಾಯೋಜಕರ ಹೆಸರಿನ ನಡು ಅಕ್ಷರದ ಮೇಲೆ ಬಂದು ಕೂರುತ್ತದೆ. ಅದಕ್ಕೇ ನಿಮ್ಮ ಕಾರನ್ನೇ ತರಿಸಿ, ಮಾಸ್ಕಿಂಗ್ ಟೇಪ್ ಹಚ್ಚಿ ಒಂದೊಂದು ಪ್ಯಾನೆಲನ್ನೂ ಅಳೆಯುತ್ತೇವೆ. ಚಿಕ್ಕಮಗಳೂರಿನ ಎಸ್ಟೇಟ್ ದಾರಿಯ ಕೆಂಪು ಮಣ್ಣು ಮೊದಲ ಸ್ಟೇಜಿನಲ್ಲೇ (ಸಮಯ ಹಿಡಿದು ಓಡಿಸುವ ರ‍್ಯಾಲಿ ದಾರಿಯ ಒಂದು ತುಂಡು) ಬಾಗಿಲಿನ ಕೆಳಭಾಗವನ್ನು ನುಂಗಿಬಿಡುತ್ತದೆ. ದುಡ್ಡು ಕೊಟ್ಟವರ ಹೆಸರು ಅಲ್ಲಿದ್ದರೆ ಒಂದು ಫೋಟೊದಲ್ಲೂ ಕಾಣುವುದಿಲ್ಲ. ಮುಂದಿನ ಬಾಗಿಲಲ್ಲಿ 67 ಸೆಂ.ಮೀ. ಉದ್ದ, 17 ಸೆಂ.ಮೀ. ಎತ್ತರದ ಜಾಗ, ಜಾಗತಿಕ ಮೋಟಾರ್ ಸ್ಪರ್ಧೆಗಳ ಆಡಳಿತ ಸಂಸ್ಥೆ ಎಫ್‌ಐಎ ರ‍್ಯಾಲಿ ನಿಯಮದ ಪ್ರಕಾರ ಸ್ಪರ್ಧೆಯ ನಂಬರ್ ಪಟ್ಟಿಗೆ ಮೀಸಲು. ಸ್ಪರ್ಧೆಯ ನಿಯಮಾವಳಿ ಓದಿ ಆ ಜಾಗ ಬಿಡದಿದ್ದರೆ ಸ್ಕ್ರೂಟಿನಿ (ಸ್ಪರ್ಧೆಗೆ ಮುಂಚಿನ ಕಾರು ತಪಾಸಣೆ) ದಿನ ಸಂಘಟಕರ ಸ್ಟಿಕ್ಕರ್ ನಿಮ್ಮ ಚಿತ್ರದ ಮೇಲೆಯೇ ಬೀಳುತ್ತದೆ. ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈನ ರೇಸ್ ಟ್ರ್ಯಾಕಿಗೆ ಹೋಗುವ ಕಾರಾದರೆ ಲೆಕ್ಕವೇ ಬೇರೆ. ಅಲ್ಲಿ ಕೆಸರಿಲ್ಲ, ಆದರೆ ಗ್ಯಾಲರಿಯಲ್ಲಿ ಕೂತವರಿಗೆ ಕಾರು ಕಾಣುವುದು ಕೆಲವೇ ಕ್ಷಣ. ಅಷ್ಟರಲ್ಲಿ ಉಳಿಯುವುದು ಎರಡು ಬಣ್ಣ, ಒಂದು ಆಕಾರ, ಅಷ್ಟೇ. ತಿಳಿನೀಲಿಗೆ ಕಿತ್ತಳೆ ಪಟ್ಟಿ ಎಂದ ಕೂಡಲೇ ನಿಮಗೆ ಗಲ್ಫ್ ಎಣ್ಣೆ ಕಂಪನಿ ಪ್ರಾಯೋಜಿಸಿದ ತಂಡದ ಫೋರ್ಡ್ ಜಿಟಿ40 ನೆನಪಾಗುತ್ತದಲ್ಲವೇ? ಅದು 1968 ಮತ್ತು 1969ರಲ್ಲಿ, ಒಂದೇ ಷಾಸಿಯಲ್ಲಿ (ಅದೇ ಚೌಕಟ್ಟಿನ ಕಾರಿನಲ್ಲಿ), ಫ್ರಾನ್ಸಿನ 24 ಗಂಟೆಯ ರೇಸ್ ಲೆ ಮಾನ್ಸ್ ಗೆದ್ದ ಕಾರು. ಓಡಿಸಿದವರ ಹೆಸರು ಮರೆತವರಿಗೂ ಆ ಬಣ್ಣ ಮರೆತಿಲ್ಲ. ನಿಮ್ಮ ಕಾರಿಗೂ ಅಂಥ ಒಂದು ಗುರುತು ಬೇಕೆಂಬುದೇ ನಮ್ಮ ಆಸೆ. ಹಾಗಾಗಿ ಅದನ್ನೇ ನಕಲು ಮಾಡಿಕೊಡಿ ಎಂದರೆ ಇನ್ನು ಒಪ್ಪುವುದಿಲ್ಲ.

ತಡವಾದಾಗಲೆಲ್ಲ ಬೈಗುಳ ನಮಗೇ ಬರುತ್ತದೆ. ತಡ ಎಲ್ಲಿ ಆಗುತ್ತದೆ ಎಂದು ಹೇಳಲೇಬೇಕು. ಪ್ರಾಯೋಜಕರ ಲೋಗೊ ವಾಟ್ಸ್ಆ್ಯಪಿನಲ್ಲಿ, ವಿಸಿಟಿಂಗ್ ಕಾರ್ಡಿನ ಫೋಟೊ ಆಗಿ, ಸ್ಕ್ರೂಟಿನಿಗೆ ಎರಡು ದಿನ ಇರುವಾಗ ಬರುತ್ತದೆ. ಬಾನೆಟ್ಟಿನಗಲಕ್ಕೆ ದೊಡ್ಡದು ಮಾಡಿದರೆ ಅಂಚುಗಳೆಲ್ಲ ಗರಗಸದಂತೆ ಕಾಣುತ್ತವೆ. ರಾತ್ರಿ ಕೂತು ಅದನ್ನು ಮೊದಲಿನಿಂದ ಗೆರೆ ಗೆರೆಯಾಗಿ ಬಿಡಿಸುವವರು ನಾವು. ಈ ಕೆಲಸಕ್ಕೆ ಇದುವರೆಗೆ ಯಾರ ಬಿಲ್ಲಿನಲ್ಲೂ ಒಂದು ಸಾಲು ಇರಲಿಲ್ಲ. ಇನ್ನು ಮುಂದೆ ಸ್ಪರ್ಧೆಗೆ ಮೂರು ವಾರ ಇರುವಾಗ ಎಲ್ಲ ಲೋಗೊಗಳೂ ವೆಕ್ಟರ್ ಫೈಲಿನಲ್ಲಿ (ಎಷ್ಟು ದೊಡ್ಡದು ಮಾಡಿದರೂ ಅಂಚು ಕೆಡದ ಬಗೆಯದು) ನಮ್ಮ ಕೈಸೇರಬೇಕು. ಆಮೇಲೆ ಬಂದ ಲೋಗೊವನ್ನು ಅಂಟಿಸುತ್ತೇವೆ, ಆದರೆ ಅದರ ಜಾಗ ನಾವು ಹೇಳಿದ್ದು, ಖರ್ಚು ಪ್ರತ್ಯೇಕ.

ಈಗಾಗಲೇ ಮುಂಗಡ ಕೊಟ್ಟವರಿಗೆ ಹಳೆಯ ದರವೇ, ಅದರಲ್ಲಿ ಎರಡು ಮಾತಿಲ್ಲ. ಒಮ್ಮೆ ವಿನ್ಯಾಸ ಮಾಡಿಸಿದ ಕಾರಿಗೆ ಅದೇ ಸೀಸನ್ನಿನಲ್ಲಿ ಪ್ರಾಯೋಜಕರು ಬದಲಾದರೆ ವಿನ್ಯಾಸದ ದುಡ್ಡು ಮತ್ತೆ ಕೇಳುವುದಿಲ್ಲ, ಫಿಲ್ಮಿನ ಖರ್ಚು ಕೊಟ್ಟರೆ ಸಾಕು. ಸ್ಟೇಜಿನಲ್ಲಿ ತಾಗಿಸಿಕೊಂಡು ಬಂದ ಬಾಗಿಲು, ಬಂಪರುಗಳಿಗೂ ಹೀಗೇ: ಫೈಲ್ ನಮ್ಮಲ್ಲಿ ಜೋಪಾನವಾಗಿರುತ್ತದೆ, ಆ ಒಂದು ಪ್ಯಾನೆಲ್ ಮಾತ್ರ ಪ್ರಿಂಟ್ ಮಾಡಿಕೊಡುತ್ತೇವೆ. ಕೊಯಮತ್ತೂರಿನ ಕರಿ ಸ್ಪೀಡ್‌ವೇಯ ಫಾರ್ಮುಲಾ ಭಾರತ್‌ಗೆ (ವಿದ್ಯಾರ್ಥಿಗಳೇ ಕಟ್ಟಿದ ಕಾರುಗಳ ಸ್ಪರ್ಧೆ) ತಯಾರಾಗುವ ಎಂಜಿನಿಯರಿಂಗ್ ಕಾಲೇಜು ತಂಡಗಳಿಗೆ ವಿನ್ಯಾಸ ಮೊದಲಿನಂತೆ ಉಚಿತ. ಆ ಮಕ್ಕಳು ರಾತ್ರಿ ಹಗಲು ವೆಲ್ಡಿಂಗ್ ಮಾಡುವುದನ್ನು ನೋಡಿದ ಮೇಲೆ ಅವರಿಂದ ದುಡ್ಡು ತೆಗೆದುಕೊಳ್ಳಲು ನಮಗೆ ಮನಸ್ಸು ಬರುವುದಿಲ್ಲ.

ಸಿಟ್ಟಿದ್ದರೆ ಫೋನ್ ಮಾಡಿ, ಎತ್ತುವವರು ನಾವಿಬ್ಬರೇ. ಬಿಲ್ಲಿನಲ್ಲಿ ಯಾವ ಸಾಲು ಅರ್ಥವಾಗದಿದ್ದರೂ ಶೆಡ್ಡಿಗೆ ಬನ್ನಿ, ಫಿಲ್ಮ್ ಕೊಂಡ ರಸೀದಿಯನ್ನೇ ಮುಂದಿಡುತ್ತೇವೆ. ಮುಂದಿನ ಸುತ್ತಿಗೆ ಕಾರು ತರುವವರು ದಯವಿಟ್ಟು ನೀರಿನಿಂದ ತೊಳೆಸಿ ತನ್ನಿ. ಮೇಣದ ಪಾಲಿಶ್ ಮಾತ್ರ ಹಾಕಿಸಬೇಡಿ, ಅದರ ಮೇಲೆ ಎಂಥ ಫಿಲ್ಮೂ ಹಿಡಿಯುವುದಿಲ್ಲ.

ಇಂತಿ ನಿಮ್ಮ,
ಪೀಣ್ಯದ ಶೆಡ್ಡಿನ ಇಬ್ಬರು