ಸೇಫ್ಟಿ ಕಾಲೇಜು ಆರಿಸುವ ಬಗ್ಗೆ

ಎಲ್ಲರಿಗೂ ನಮಸ್ಕಾರ. ಈ ವರ್ಷ ಇಲ್ಲಿ ಅಮೆರಿಕದಲ್ಲಿ ಹನ್ನೆರಡನೇ ತರಗತಿಯಲ್ಲಿರುವ ಮಕ್ಕಳ ಅಪ್ಪ ಅಮ್ಮಂದಿರು ದಯವಿಟ್ಟು ಓದಿ.

ಬೇರೆಲ್ಲೂ ಸಿಗದಿದ್ದರೆ ಇರಲಿ ಅಂತ ಪಟ್ಟಿಯಲ್ಲಿ ಇಟ್ಟುಕೊಳ್ಳುವುದು ಸೇಫ್ಟಿ ಕಾಲೇಜು. ಆದರೆ ಸೀಟು ಖಂಡಿತ ಸಿಗುತ್ತದೆ ಅಂದ ಮಾತ್ರಕ್ಕೆ ಅದು ಸೇಫ್ಟಿ ಆಗುವುದಿಲ್ಲ. ನಾಲ್ಕೂ ವರ್ಷ ಫೀಸು ಕಟ್ಟಲು ನಮ್ಮ ಕೈಲಿ ಆಗಬೇಕು, ಮಗುವಿಗೂ ಅಲ್ಲಿಗೆ ಹೋಗಲು ಮನಸ್ಸಿರಬೇಕು.

ಹಾರ್ವರ್ಡ್, ಯೇಲ್ ಸೇರಿ ಐವಿ ಲೀಗ್ ಎಂಬ ಹೆಸರಾಂತ ಗುಂಪಿನ ಎಂಟೂ ಕಾಲೇಜುಗಳು ಅಂಕ, ಪ್ರತಿಭೆ ನೋಡಿ ಕೊಡುವ ಮೆರಿಟ್ ಸ್ಕಾಲರ್‌ಶಿಪ್ ಕೊಡುವುದಿಲ್ಲ. ಅಲ್ಲಿ ಸಹಾಯ ಸಿಗುವುದು ಮನೆಯ ಆದಾಯ ನೋಡಿ ಮಾತ್ರ. ಅಲಬಾಮ ವಿಶ್ವವಿದ್ಯಾಲಯದ ಲೆಕ್ಕ ಬೇರೆ. ಜಿಪಿಎ (ಹೈಸ್ಕೂಲಿನ ಸರಾಸರಿ ಗ್ರೇಡ್) ಮತ್ತು ಎಸ್‌ಎಟಿ ಅಥವಾ ಎಸಿಟಿ ಪ್ರವೇಶ ಪರೀಕ್ಷೆಯ ಅಂಕಕ್ಕೆ ಎಷ್ಟು ಹಣ ಎಂಬ ಪಟ್ಟಿಯನ್ನೇ ಅವರು ಹಾಕುತ್ತಾರೆ, ಹೊರರಾಜ್ಯದವರಿಗೂ. ಅರ್ಜಿ ಹಾಕುವ ಮೊದಲೇ ಖರ್ಚು ಗೊತ್ತಾಗುತ್ತದೆ, ಅಲ್ವಾ? ನ್ಯಾಷನಲ್ ಮೆರಿಟ್ ಎಂಬ ದೇಶಮಟ್ಟದ ಸ್ಕಾಲರ್‌ಶಿಪ್ ಸ್ಪರ್ಧೆಯಲ್ಲಿ ಫೈನಲಿಸ್ಟ್ ಆದವರು ಡಲ್ಲಾಸ್‌ನ ಯುಟಿಡಿಯನ್ನೂ (ಟೆಕ್ಸಾಸ್ ವಿಶ್ವವಿದ್ಯಾಲಯ) ನೋಡಿ. ಪಶ್ಚಿಮದ ರಾಜ್ಯಗಳಲ್ಲಿರುವವರಿಗೆ ಡಬ್ಲ್ಯುಯುಇ (ವೆಸ್ಟರ್ನ್ ಅಂಡರ್‌ಗ್ರಾಜುಯೇಟ್ ಎಕ್ಸ್‌ಚೇಂಜ್) ಎಂಬ ಫೀಸು ರಿಯಾಯಿತಿ ವ್ಯವಸ್ಥೆ ಇದೆ. ಅದರಲ್ಲಿ ಹೊರರಾಜ್ಯದ ಟ್ಯೂಷನ್ ಸ್ಥಳೀಯರ ದರದ ಒಂದೂವರೆ ಪಟ್ಟು ದಾಟುವುದಿಲ್ಲ.

ಎಚ್-4 ವೀಸಾದ (ಅಪ್ಪ ಅಥವಾ ಅಮ್ಮನ ಎಚ್-1ಬಿ ಕೆಲಸದ ವೀಸಾದ ಮೇಲೆ ಇಲ್ಲಿರುವ) ಮಕ್ಕಳಿಗೆ ಇದು ಇನ್ನೂ ಮುಖ್ಯ. ಗ್ರೀನ್ ಕಾರ್ಡ್‌ಗೆ ಕಾಯುತ್ತಿರುವ ನಮ್ಮವರು ತುಂಬಾ ಜನ ಇದ್ದಾರೆ. ಈ ಮಕ್ಕಳಿಗೆ ಫೆಡರಲ್ (ಕೇಂದ್ರ ಸರ್ಕಾರದ) ನೆರವು ಇಲ್ಲ, ಆದರೆ ಎಷ್ಟೋ ಕಾಲೇಜುಗಳ ಮೆರಿಟ್ ಹಣಕ್ಕೆ ವೀಸಾ ಅಡ್ಡ ಬರುವುದಿಲ್ಲ. ಅಡ್ಮಿಷನ್ ಆಫೀಸಿಗೆ ಈಮೇಲ್ ಬರೆದು ಕೇಳಿ, ಉತ್ತರ ಇಟ್ಟುಕೊಳ್ಳಿ.

ಸ್ಕಾಲರ್‌ಶಿಪ್ ಮುಂದುವರಿಯಲು ಕಾಲೇಜಿನಲ್ಲಿ ಜಿಪಿಎ ಎಷ್ಟಿರಬೇಕು ಅನ್ನುವುದನ್ನೂ ನೋಡಿ. ಎಂಜಿನಿಯರಿಂಗ್‌ನ ಮೊದಲ ವರ್ಷ ನಾಲ್ಕಕ್ಕೆ 3.5 ಉಳಿಸಿಕೊಳ್ಳುವುದು ಸುಲಭವಲ್ಲ. ಮೆರಿಟ್ ಹಣಕ್ಕೆ ಅರ್ಜಿ ಹಾಕುವ ಕೊನೆಯ ದಿನ ಅಡ್ಮಿಷನ್ ಅರ್ಜಿಯ ಕೊನೆಯ ದಿನಕ್ಕಿಂತ ಮುಂಚೆಯೇ ಇರಬಹುದು.

ನಿಮ್ಮ ಮಕ್ಕಳ ಪಟ್ಟಿಯಲ್ಲಿರುವ ಸೇಫ್ಟಿ ಕಾಲೇಜುಗಳ ಹೆಸರು ಇಲ್ಲೇ ಹಾಕಿ, ಒಟ್ಟಿಗೆ ನೋಡೋಣ.